‘ನೋಡಿದೆವು’ ಎಂದರೆ ಎಷ್ಟು ಜೋಡಿ ಕಣ್ಣು?

ಕನ್ನಡದ ಪ್ರವಾಸ ಬರಹಗಳಲ್ಲಿ ಅತಿ ಹೆಚ್ಚು ದುಡಿಯುವ ಪದಗಳು ಮೂರು: ಹೊರಟೆವು, ತಲುಪಿದೆವು, ನೋಡಿದೆವು. ಗಂಡ ಹೆಂಡತಿ ಕಾರಿನಲ್ಲೋ ಬೈಕಿನಲ್ಲೋ ಹಳೆಯ ಊರುಗಳನ್ನು ಸುತ್ತಿ ಬಂದು ಬರೆಯುವ ಕಥನಗಳಲ್ಲಂತೂ ಇವು ಸಾಲಿಗೊಂದರಂತೆ ಸಿಗುತ್ತವೆ. ವ್ಯಾಕರಣದ ಲೆಕ್ಕದಲ್ಲಿ ಇವೆಲ್ಲ ಬಹುವಚನ. ಆದರೆ ಎರಡು ಪುಟ ಓದುವಷ್ಟರಲ್ಲಿ ನೋಡುತ್ತಿರುವುದು ಒಂದೇ ಜೋಡಿ ಕಣ್ಣು ಎಂದು ಗೊತ್ತಾಗಿಬಿಡುತ್ತದೆ. ಶಾಸನದ ಕಾಲ, ಕಂಬಗಳ ಎಣಿಕೆ, ರಾಜವಂಶದ ಹೆಸರು ಬರೆಯುವವನ ಪಾಲಿಗೆ. ಬುತ್ತಿ, ದಣಿವು, ಫೋಟೋದೊಳಗಿನ ನಗು ಹೆಂಡತಿಯ ಪಾಲಿಗೆ. ಇದರಲ್ಲಿ ಸೌಜನ್ಯದ ಕೊರತೆಗಿಂತ ದೊಡ್ಡ ನಷ್ಟವೊಂದಿದೆ. ಇಬ್ಬರು ಕಂಡದ್ದರಲ್ಲಿ ಅರ್ಧ ಕಾಗದಕ್ಕೆ ಬರುವುದೇ ಇಲ್ಲ.

ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿಯ ಸುತ್ತ ಆಂಧ್ರದ ರೈತರು ಬಂದು ನೆಲೆಸಿದರು. ಅವರ ಊರುಗಳನ್ನು ಇಂದಿಗೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ. ಅವರ ತೆಲುಗಿನಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ. ಕೇಳುವವರನ್ನೂ ಸೇರಿಸಿಕೊಂಡರೆ ‘ಮನಮು’, ಅವರನ್ನು ಬಿಟ್ಟರೆ ‘ಮೇಮು’. ನಮ್ಮ ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಅದನ್ನೂ ನಾವು ಹಲವು ಸಲ ಬಾಯಿಬಿಟ್ಟು ಹೇಳುವುದಿಲ್ಲ. ಕ್ರಿಯಾಪದದ ಬಾಲದಲ್ಲೇ ಮುಗಿಸುತ್ತೇವೆ. ಆ ಬಾಲದೊಳಗೆ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ಭಾಷೆ ತಾನಾಗಿ ತೋರಿಸುವುದಿಲ್ಲ. ಬರೆಯುವವರೇ ತೋರಿಸಬೇಕು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸುತ್ತುವ ದಾರಿಯನ್ನು ಈ ಮಾತಿಗೆ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಈ ಜಿಲ್ಲೆಯಲ್ಲಿ ನೋಡುವ ಸ್ಥಳ ಯಾವುದೇ ಇರಲಿ, ಅದಕ್ಕೆ ಕಡಿಮೆಯೆಂದರೆ ಎರಡು ನೋಟಗಳಿವೆ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಕಿರು ಬಂಡೆ ಶಾಸನವಿದೆ. ಪಕ್ಕದ ಪಾಲ್ಕಿಗುಂಡಿನಲ್ಲಿ ಇನ್ನೊಂದು. ಪಾಲ್ಕಿಗುಂಡಿನ ಬೆಟ್ಟದಲ್ಲೇ ‘ವರಾಂಗಚರಿತ’ ಬರೆದ ಜಟಾಸಿಂಹನಂದಿಯ ಪಾದದ ಗುರುತುಗಳೂ ಇವೆ. ಆದರೆ ಗವಿಮಠಕ್ಕೆ ಬರುವ ಬಹುಪಾಲು ಜನ ಅಶೋಕನಿಗಾಗಿ ಬರುವವರಲ್ಲ, ಗವಿಸಿದ್ಧೇಶ್ವರನಿಗಾಗಿ ಬರುವವರು. ಜೋಡಿಯಲ್ಲಿ ಒಬ್ಬರು ಬ್ರಾಹ್ಮೀ ಅಕ್ಷರಗಳ ಮುಂದೆ ನಿಂತು, ಇನ್ನೊಬ್ಬರು ದಾಸೋಹದ ಸಾಲಿನಲ್ಲಿ ಕೂತು ಎದ್ದರೆ ಆ ಬೆಟ್ಟದ ಪೂರ್ತಿ ಕಥೆ ಸಿಗುತ್ತದೆ. ‘ಶಾಸನ ನೋಡಿ ಪ್ರಸಾದ ಸ್ವೀಕರಿಸಿದೆವು’ ಎಂದು ಬರೆದರೆ ಎರಡೂ ಕಳೆದುಹೋಗುತ್ತವೆ.

ಗಂಗಾವತಿ ಬಳಿಯ ಹಿರೇಬೆಣಕಲ್ಲಿಗೆ ಬನ್ನಿ. ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ನೂರಾರು ಬೃಹತ್ ಶಿಲಾ ಸಮಾಧಿಗಳು ಅಲ್ಲಿವೆ. 2021ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಪುರಾತತ್ವದವರಿಗೆ ಇವು ಎರಡು ಸಾವಿರ ವರ್ಷಕ್ಕೂ ಹಿಂದಿನ ಸಮಾಧಿಗಳು. ಸುತ್ತಲಿನ ಊರವರಿಗೆ ಇದು ಮೋರೇರ ಬೆಟ್ಟ, ಹಿಂದೆ ಗಿಡ್ಡ ಜನ ಬಾಳಿದ ಮನೆಗಳು. ಗೋಡೆಯಲ್ಲಿನ ದುಂಡು ಕಿಂಡಿಯನ್ನು ಒಬ್ಬರು ಸತ್ತವರ ಕೋಣೆಯ ಕಿಂಡಿ ಎಂದೂ ಇನ್ನೊಬ್ಬರು ಬದುಕಿದವರ ಬಾಗಿಲು ಎಂದೂ ಕಂಡರೆ, ಆ ಇಬ್ಬರ ನಡುವೆ ನಡೆಯುವ ಮಾತೇ ಪ್ರವಾಸ ಕಥನ. ನಾವು ಓದುವ ಹೆಚ್ಚಿನ ಬರಹಗಳಲ್ಲಿ ಆ ಮಾತು ಕಾರಿನಲ್ಲೇ ಉಳಿದುಬಿಡುತ್ತದೆ.

ಕುಷ್ಟಗಿ ತಾಲ್ಲೂಕಿನ ಪುರದಲ್ಲಿ ಸೋಮೇಶ್ವರನ ಸುತ್ತ ಲಿಂಗಗಳ ಸಾಲು ಸಾಲು. ಜನ ಅವನ್ನು ಕೋಟಿಲಿಂಗ ಎನ್ನುತ್ತಾರೆ. ಎಣಿಸಲು ಹೊರಡುವ ಕಣ್ಣಿಗೆ ‘ಕೋಟಿ’ ಉತ್ಪ್ರೇಕ್ಷೆ. ಕೈಮುಗಿಯುವ ಕಣ್ಣಿಗೆ ಆ ಪ್ರಶ್ನೆಯೇ ಏಳುವುದಿಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಬರಹಗಾರರೆಲ್ಲ ತಪ್ಪದೆ ಉಲ್ಲೇಖಿಸುವ ಬಿರುದು ಇದು. ಅದೇ ಆವರಣದಲ್ಲಿ ಮಹಾದೇವ ತಂದೆಯ ನೆನಪಿಗೆ ಮೂರ್ತಿನಾರಾಯಣ, ತಾಯಿಯ ನೆನಪಿಗೆ ಚಂದ್ರಲೇಶ್ವರಿ ಗುಡಿ ಕಟ್ಟಿಸಿದ್ದು ಅಷ್ಟಾಗಿ ಬರಹಕ್ಕೆ ಬರುವುದಿಲ್ಲ. ಒಂಬೈನೂರು ವರ್ಷಗಳ ಹಿಂದಿನ ಸೇನಾನಿ ಮನೆಯ ಹೆಣ್ಣಿನ ಹೆಸರನ್ನು ಕಲ್ಲಿನಲ್ಲಿ ಉಳಿಸಿದ. ಆ ಗುಡಿಯನ್ನು ನೋಡಿ ಬಂದವನ ಬರಹದಲ್ಲಿ ಜೊತೆಗಿದ್ದವಳು ‘ಶ್ರೀಮತಿ’ ಮಾತ್ರ.

ನಮ್ಮ ಹಿಂದಿನ ಒಳ್ಳೆಯ ಪ್ರವಾಸ ಕಥನಗಳು ಈ ವಿಷಯದಲ್ಲಿ ಪ್ರಾಮಾಣಿಕ. ‘ಅಮೆರಿಕದಲ್ಲಿ ಗೊರೂರು’, ಎ. ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, ಕೃಷ್ಣಾನಂದ ಕಾಮತರ ‘ನಾನೂ ಅಮೆರಿಕೆಗೆ ಹೋಗಿದ್ದೆ’: ಈ ಮೂರೂ ಹೆಸರುಗಳು ನೋಡುವವನು ಯಾರು ಎಂದು ರಕ್ಷಾಪುಟದಲ್ಲೇ ಹೇಳಿಬಿಡುತ್ತವೆ. ಒಬ್ಬನ ಕಣ್ಣು, ಒಂದು ವಯಸ್ಸು, ಒಂದು ಸ್ವಭಾವ. ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಬಂದಾಗ ಹೆಣ್ಣಿನ ಕಣ್ಣಿನ ದೂರದ ನಾಡು ಕನ್ನಡಕ್ಕೆ ಸಿಕ್ಕಿತು. ‘ನಾನು’ ಎಂದು ಬರೆದವರ ಮೇಲೆ ನನಗೆ ತಕರಾರಿಲ್ಲ. ‘ನಾವು’ ಎಂದು ಬರೆದು ‘ನಾನು’ ಮಾತ್ರ ಕಾಣಿಸುವ ಬರಹದ ಮೇಲೆ ತಕರಾರು.

ಈ ಬಯಲುಸೀಮೆ ಬಿಟ್ಟು ಘಟ್ಟ ಇಳಿದರೂ ಪರಿಸ್ಥಿತಿ ಬದಲಾಗುವುದಿಲ್ಲ. ಐತಿಹಾಸಿಕ ಊರುಗಳ ಸುತ್ತಾಟ ಕೊನೆಗೆ ಕಡಲು ಮುಟ್ಟುವುದು ರೂಢಿ. ಮಲ್ಪೆಯಿಂದ ದೋಣಿ ಹಿಡಿದರೆ ಸೇಂಟ್ ಮೇರೀಸ್ ದ್ವೀಪ. ಸುಮಾರು 9 ಕೋಟಿ ವರ್ಷಗಳ ಹಿಂದೆ ಭಾರತ ಮಡಗಾಸ್ಕರಿನಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ತಣ್ಣಗಾಗಿ, ಕುಗ್ಗಿ, ಬಿರುಕು ಬಿಟ್ಟು ಅಲ್ಲಿ ಬಹುಭುಜಗಳ ಕಂಬಗಳಾಗಿ ನಿಂತಿದೆ. ಕೊಪ್ಪಳದ ಗ್ರಾನೈಟ್ ಗುಂಡುಗಳು ನೆಲದಾಳದಲ್ಲಿ ನಿಧಾನವಾಗಿ ತಣಿದವು, ಇವಕ್ಕಿಂತ ಎಷ್ಟೋ ಪಟ್ಟು ಹಳೆಯವು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಹೆಸರಿಟ್ಟ ಎಂಬ ಐತಿಹ್ಯವೂ ಇದೆ. ಬಂಡೆ ನೋಡಿದವರು, ಐತಿಹ್ಯ ಕೇಳಿದವರು, ಚಿಪ್ಪು ಆರಿಸುತ್ತ ಕೂತವರು ಮೂರು ಬೇರೆ ದ್ವೀಪಗಳಿಂದ ವಾಪಸು ಬರುತ್ತಾರೆ. ಬರಹದಲ್ಲಿ ಮಾತ್ರ ‘ಪ್ರಕೃತಿಯ ವಿಸ್ಮಯ ಕಂಡು ಬೆರಗಾದೆವು’.

ದಾಂಪತ್ಯದ ಖಾಸಗಿ ಮಾತು ಬಯಲಿಗೆ ಬೇಡ ಎನ್ನುವವರಿದ್ದಾರೆ. ಅದು ಸರಿಯಾದ ಸಂಕೋಚ, ಅದಕ್ಕೆ ಬೆಲೆ ಕೊಡೋಣ. ಜಗಳ, ಮುನಿಸು ಯಾರಿಗೂ ಬೇಕಿಲ್ಲ. ಬೇಕಿರುವುದು ಒಂದೇ ಕಂಬದ ಮುಂದೆ ಇಬ್ಬರಿಗೂ ಕಂಡ ಎರಡು ಸಂಗತಿ. ಬರೆಯುವ ಮುನ್ನ ಜೊತೆಗಾರ್ತಿಯನ್ನು ಕೇಳಿದರೆ ಸಾಕು: ‘ಇಟಗಿಯೊಳಗ ನಿನಗೇನು ನೆನಪುಳಿದೈತಿ?’ ಆ ಉತ್ತರಕ್ಕೆ ಒಂದು ಪ್ಯಾರಾ ಕೊಡಿ, ಅವಳ ಮಾತಿನಲ್ಲೇ. ಅವಳು ಬರೆಯುವವಳಾದರೆ ಪೂರ್ತಿ ಅಧ್ಯಾಯವನ್ನೇ ಬಿಟ್ಟುಕೊಡಿ. ಓದುವ ನಮಗೆ ಆಗ ಒಂದೇ ಟಿಕೆಟ್ಟಿನಲ್ಲಿ ಎರಡು ಇಟಗಿ ಸಿಗುತ್ತವೆ.