ಹೆಕ್ಕುವುದೋ, ಬೆಳೆಸುವುದೋ: ಬಡ ಮಕ್ಕಳ ಕ್ರೀಡಾ ತರಬೇತಿಯನ್ನು ಅಳೆಯುವ ಬಗೆ

ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆ ಹೋಗುವಾಗ ಸಿಗುವ ಜ್ಞಾನಭಾರತಿ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಎಲ್ಲರೂ ‘ಸಾಯ್’ ಎಂದೇ ಕರೆಯುವ ಈ ಕೇಂದ್ರದಲ್ಲಿ 2020ರ ಲಾಕ್‌ಡೌನ್ ಕಾಲದಲ್ಲಿ ದೇಶದ ಪುರುಷರ ಮತ್ತು ಮಹಿಳೆಯರ ಹಾಕಿ ತಂಡಗಳೆರಡೂ ಉಳಿದುಕೊಂಡಿದ್ದವು. ಮರುವರ್ಷ ಟೋಕಿಯೊದಲ್ಲಿ ಪುರುಷರು 41 ವರ್ಷಗಳ ನಂತರ ಒಲಿಂಪಿಕ್ ಪದಕ ತಂದರು. ಮಹಿಳೆಯರು ಮೊದಲ ಸಲ ಸೆಮಿಫೈನಲ್ ತಲುಪಿ ನಾಲ್ಕನೆಯವರಾದರು. ಇದೇ ರಸ್ತೆಯ ಆಸುಪಾಸಿನಲ್ಲಿ ಬಾಪೂಜಿನಗರ, ಪಾದರಾಯನಪುರ, ಜಗಜೀವನರಾಮ್ ನಗರಗಳಿವೆ; ಬಸವೇಶ್ವರನಗರ, ರಾಜಾಜಿನಗರಗಳ ಅಂಚಿಗೆ ಕಾಮಾಕ್ಷಿಪಾಳ್ಯ, ಲಗ್ಗೆರೆಗಳಿವೆ. ಬೆಳಗಾದರೆ ಗಾರ್ಮೆಂಟ್ಸ್‌ಗೆ ಹೊರಡುವ ತಾಯಂದಿರ, ವರ್ಕ್‌ಶಾಪಿನಲ್ಲಿ ದುಡಿಯುವ ಅಥವಾ ಆಟೊ ಓಡಿಸುವ ತಂದೆಯರ ಮಕ್ಕಳು ಇಲ್ಲಿ ಬೆಳೆಯುತ್ತಾರೆ. ಇಂಥ ಮಕ್ಕಳನ್ನು ಕ್ರೀಡಾ ತರಬೇತಿಯ ಮೂಲಕ ಮೇಲೆತ್ತಬಹುದು ಎಂಬ ನಂಬಿಕೆ ಸರ್ಕಾರಕ್ಕಿದೆ, ಸ್ವಯಂಸೇವಾ ಸಂಸ್ಥೆಗಳಿಗಿದೆ, ಕಂಪನಿಗಳಿಗೂ ಇದೆ. ನಂಬಿಕೆ ಸರಿಯಾದದ್ದೇ. ಆದರೆ ಅದು ಕಾರ್ಯರೂಪಕ್ಕೆ ಬರುವ ರೀತಿಯಲ್ಲಿ ದೊಡ್ಡ ಕೊರತೆಯಿದೆ. ನಮ್ಮ ಯೋಜನೆಗಳಲ್ಲಿ ಹೆಚ್ಚಿನವು ಮಕ್ಕಳನ್ನು ಹೆಕ್ಕುತ್ತವೆ. ಬೆಳೆಸುವ ಕೆಲಸವನ್ನು ಬೇರೆ ಯಾರೋ ಮಾಡಿರುತ್ತಾರೆ ಎಂದು ನಂಬಿಕೊಂಡಿರುತ್ತವೆ.

ಟೋಕಿಯೊಗೆ ಹೋದ ಆ ಮಹಿಳಾ ತಂಡವನ್ನೇ ನೋಡೋಣ. ನಾಯಕಿ ರಾಣಿ ರಾಂಪಾಲ್ ಹರಿಯಾಣದ ಶಾಹಾಬಾದಿನವರು, ಗಾಡಿ ಎಳೆದು ಬದುಕು ಸಾಗಿಸುತ್ತಿದ್ದವರ ಮಗಳು. ಆ ಸಣ್ಣ ಊರಿನಲ್ಲಿ ಬಲದೇವ್ ಸಿಂಗ್ ಎಂಬ ಕೋಚ್ ವರ್ಷಗಟ್ಟಲೆ ಹುಡುಗಿಯರಿಗೆ ಹಾಕಿ ಕಲಿಸುತ್ತ ಬಂದದ್ದರಿಂದ ರಾಣಿಯವರಿಗೆ ಮೈದಾನ ಸಿಕ್ಕಿತು. ಸಲೀಮಾ ಟೇಟೆ ಜಾರ್ಖಂಡಿನ ಸಿಮ್ಡೇಗಾ ಜಿಲ್ಲೆಯವರು. ಅಲ್ಲಿನ ಹಳ್ಳಿಗಳಲ್ಲಿ ಹಾಕಿ ಮನೆಮನೆಯ ಆಟ. ಸಾಯ್ ಕೇಂದ್ರ ಇವರಿಗೆ ಕೊಟ್ಟ ಟರ್ಫ್, ಆಹಾರ, ವೈದ್ಯಕೀಯ ನೆರವು, ಶಿಸ್ತು ಇವೆಲ್ಲ ದೊಡ್ಡವು. ಆದರೂ ಒಂದು ಬಡ ಮಗು ಆಟಗಾರ್ತಿಯಾಗುವ ನಿರ್ಣಾಯಕ ವರ್ಷಗಳು, ಅಂದರೆ ಒಂಬತ್ತು ಹತ್ತರಿಂದ ಹದಿನೈದರವರೆಗಿನವು, ಕಳೆದದ್ದು ಊರಿನ ಮೈದಾನದಲ್ಲಿ, ದಿನವೂ ಬರುವ ಒಬ್ಬ ಕೋಚ್‌ನ ಕಣ್ಣೆದುರಿಗೆ. ರಾಷ್ಟ್ರೀಯ ಕೇಂದ್ರ ತನ್ನ ಪಕ್ಕದಲ್ಲಿದ್ದ ಮಾತ್ರಕ್ಕೆ ಬಾಪೂಜಿನಗರದ ಹುಡುಗಿಗೆ ಆ ವರ್ಷಗಳು ಸಿಗುವುದಿಲ್ಲ. ಅವಳ ಬೀದಿಗೆ ಬೇಕಾಗಿರುವುದು ಶಾಹಾಬಾದಿನಲ್ಲಿ ಇದ್ದದ್ದು.

ಹೆಕ್ಕುವ ಪದ್ಧತಿಯ ಗುಣದೋಷ ಎರಡನ್ನೂ ತೋರಿಸುವ ಪ್ರಯೋಗವೊಂದು ಕರ್ನಾಟಕದಲ್ಲೇ ನಡೆದಿದೆ. ಸಾಯ್‌ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ 1987ರಲ್ಲಿ ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ, ಹಾಸ್ಟೆಲುಗಳಲ್ಲಿಟ್ಟು ಅಥ್ಲೆಟಿಕ್ಸ್ ಕಲಿಸುವ ಕೆಲಸ ಶುರುವಾಯಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆಯ ಸಚಿವೆಯಾಗಿದ್ದ ಮಾರ್ಗರೆಟ್ ಆಳ್ವ ಇದರ ಹಿಂದಿದ್ದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಮನೆಗಳ ಮಕ್ಕಳು ಮೊದಲ ಬಾರಿಗೆ ಸ್ಪೈಕ್ಸ್ ಕಟ್ಟಿ ಟ್ರ್ಯಾಕಿಗಿಳಿದರು. ಕಮಲಾ ಸಿದ್ದಿ ಅವರಂಥವರು ಅಥ್ಲೆಟಿಕ್ಸ್‌ನಲ್ಲಿ ಹೆಸರು ಮಾಡಿದರು. ಕೆಲವರು ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಹಿಡಿದು ತಮ್ಮ ಮನೆತನದ ದಿಕ್ಕನ್ನೇ ಬದಲಿಸಿದರು. ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅದಕ್ಕೂ ಒಂದೂವರೆ ದಶಕ ಮೊದಲೇ ಆ ಮಕ್ಕಳನ್ನು ದೇಶ ಗಮನಿಸುವಂತೆ ಮಾಡಿದ ಶ್ರೇಯ ಈ ಯೋಜನೆಗೆ ಸಲ್ಲಬೇಕು.

ಆದರೆ 1993ರಲ್ಲಿ ಯೋಜನೆ ನಿಂತಿತು, ತರಬೇತಿಯ ನಡುವಿನಲ್ಲಿದ್ದ ಮಕ್ಕಳು ಊರಿಗೆ ಮರಳಿದರು. ಅದರ ಅಡಿಪಾಯದಲ್ಲೇ ಎರಡು ದೋಷಗಳಿದ್ದವು. ಆಫ್ರಿಕಾ ಮೂಲದವರಾದ್ದರಿಂದ ಸಿದ್ದಿಯರು ಹುಟ್ಟಿನಿಂದಲೇ ಓಟಗಾರರು ಎಂಬ ಎಣಿಕೆ ಮೊದಲನೆಯದು. ಮಗುವನ್ನು ಅದರ ರಕ್ತದಿಂದ ಅಳೆಯುವ ಈ ನೋಟ ಕೂಡಲೇ ಪದಕ ಕೇಳುತ್ತದೆ, ಬರದಿದ್ದರೆ ಬೇಗ ಕೈಬಿಡುತ್ತದೆ. ಎರಡನೆಯದು ಇದಕ್ಕಿಂತ ಆಳವಾದದ್ದು. ಮಕ್ಕಳನ್ನು ಊರಿನಿಂದ ತೆಗೆದುಕೊಂಡು ಹೋದರೇ ಹೊರತು ಊರಿನಲ್ಲಿ ಕೋಚ್, ಮೈದಾನ, ಲೀಗ್ ಯಾವುದನ್ನೂ ಬೇರೂರಿಸಲಿಲ್ಲ. ಹಾಗಾಗಿ ಹಾಸ್ಟೆಲಿನ ಬಾಗಿಲು ಮುಚ್ಚಿದ ದಿನ ಎಲ್ಲವೂ ಮುಚ್ಚಿತು. ಎರಡು ದಶಕಗಳಿಗೂ ಹೆಚ್ಚು ಕಾಲದ ನಂತರ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಆ ಸೀಮೆಯ ಮಕ್ಕಳ ನಡುವೆ ಮತ್ತೆ ಓಟದ ತರಬೇತಿ ಆರಂಭಿಸಬೇಕಾಯಿತು. ಇದೇ ವಿಶೇಷ ಪ್ರದೇಶ ಯೋಜನೆ ರಾಜಸ್ಥಾನದ ಆದಿವಾಸಿ ಹಳ್ಳಿಯಿಂದ ಬಿಲ್ಲುಗಾರ ಲಿಂಬಾ ರಾಮ್ ಅವರನ್ನು ಕೊಟ್ಟಿತಲ್ಲ, 1992ರಲ್ಲಿ ಅವರು ವಿಶ್ವದಾಖಲೆಯನ್ನು ಸರಿಗಟ್ಟಲಿಲ್ಲವೇ ಎಂದು ಕೇಳಬಹುದು. ಕೊಟ್ಟಿತು, ನಿಜ. ಹೆಕ್ಕುವ ಪದ್ಧತಿಗೆ ಒಬ್ಬ ಲಿಂಬಾ ರಾಮ್ ಸಿಗುತ್ತಾರೆ. ಆ ಪದ್ಧತಿ ಮುಟ್ಟದೆ ಬಿಟ್ಟ ನೂರಾರು ಮಕ್ಕಳ ಸ್ಥಿತಿಗೆ ಮಾತ್ರ ಅವರ ಸಾಧನೆ ಉತ್ತರವಾಗುವುದಿಲ್ಲ.

ಅದೇ 1987ರಲ್ಲಿ ಕೀನ್ಯಾದ ನೈರೋಬಿಯ ಮಥಾರೆ ಕೊಳೆಗೇರಿಯಲ್ಲಿ ಬಾಬ್ ಮುನ್ರೊ ಎಂಬವರ ನೆರವಿನಿಂದ ಮಥಾರೆ ಯುವ ಕ್ರೀಡಾ ಸಂಘ ಹುಟ್ಟಿಕೊಂಡಿತು. ಅಲ್ಲಿ ಟ್ರಯಲ್ಸ್ ನಡೆಸಿ ಯಾರನ್ನೂ ಹೊರಗೆ ಕರೆದೊಯ್ಯಲಿಲ್ಲ. ಬೀದಿಬೀದಿಯ ತಂಡಗಳನ್ನು ಸೇರಿಸಿ ಫುಟ್‌ಬಾಲ್ ಲೀಗ್ ಕಟ್ಟಿದರು. ತಂಡವೊಂದು ತನ್ನ ಕೇರಿಯ ಕಸ, ಚರಂಡಿ ಶುಚಿಮಾಡಿದರೆ ಅದಕ್ಕೂ ಲೀಗ್ ಪಟ್ಟಿಯಲ್ಲಿ ಅಂಕ. ಹುಡುಗಿಯರ ತಂಡಗಳು ಬಂದವು. ಆಡಿ ಬೆಳೆದವರೇ ಕೋಚ್‌ಗಳಾದರು, ರೆಫರಿಗಳಾದರು, ಸಂಘದ ಆಡಳಿತ ನಡೆಸಿದರು. ಈ ಬುನಾದಿಯ ಮೇಲೆ ನಿಂತ ಮಥಾರೆ ಯುನೈಟೆಡ್ 2008ರಲ್ಲಿ ಕೀನ್ಯಾದ ಪ್ರೀಮಿಯರ್ ಲೀಗನ್ನೇ ಗೆದ್ದಿತು. ಒಂದೇ ವರ್ಷ ಶುರುವಾದ ಎರಡು ಪ್ರಯೋಗಗಳಲ್ಲಿ ಸರ್ಕಾರದ ಬೆಂಬಲವಿದ್ದದ್ದು ಆರು ವರ್ಷಕ್ಕೆ ನಿಂತಿತು, ಕೊಳೆಗೇರಿಯಲ್ಲಿ ಹುಟ್ಟಿದ್ದು ದಶಕಗಳನ್ನು ದಾಟಿತು. ಮಥಾರೆಯ ಮಕ್ಕಳು ಆಡುತ್ತಿದ್ದುದು ತಮ್ಮದೇ ನೆಲದಲ್ಲಿ, ನಡೆಸುತ್ತಿದ್ದುದು ತಮ್ಮದೇ ಸಂಘವನ್ನು ಎಂಬುದೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ.

ಇದನ್ನು ಪಶ್ಚಿಮ ಬೆಂಗಳೂರಿಗೆ ಅನ್ವಯಿಸಿ ನೋಡಿದರೆ ಕೊರತೆ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಫೀಸು ಕಟ್ಟಬಲ್ಲವರಿಗೆ ಈ ಭಾಗದಲ್ಲಿ ಅಕಾಡೆಮಿಗಳಿವೆ, ಬೇಸಿಗೆ ರಜೆಯಲ್ಲಿ ಸಮ್ಮರ್ ಕ್ಯಾಂಪುಗಳಿವೆ. ಫೀಸು ಕಟ್ಟಲಾಗದ ಮಗುವಿಗೆ ಇರುವುದು ಶಾಲೆ ಮತ್ತು ಬಡಾವಣೆಯ ಮೈದಾನ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನವಿರಬೇಕು ಎನ್ನುತ್ತದೆ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರನ್ನಾದರೂ ಕೇಳುತ್ತದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ ರಾಜ್ಯದಲ್ಲಿ 1985ರಿಂದಲೂ ಪ್ರತ್ಯೇಕ ಕಾಯ್ದೆಯಿದೆ. ಕಾನೂನಿಗೆ ಬರವಿಲ್ಲ. ಆದರೆ ಬಡಾವಣೆಯ ಮೈದಾನ ಸಭೆ, ಸಮಾರಂಭ, ಉತ್ಸವ, ವಸ್ತುಪ್ರದರ್ಶನಗಳಿಗೆ ಮೊದಲು ಸಿಗುತ್ತದೆ, ಮಕ್ಕಳಿಗೆ ಆಮೇಲೆ. ಪೆಂಡಾಲಿನ ಗೂಟ ನೆಟ್ಟು ಕಿತ್ತ ನೆಲದಲ್ಲಿ ಕಬಡ್ಡಿ ಅಂಕಣ ಮತ್ತೆ ಹದವಾಗುವುದರೊಳಗೆ ಮುಂದಿನ ಕಾರ್ಯಕ್ರಮ ಬಂದಿರುತ್ತದೆ. ತರಬೇತಿ ಎಂದರೆ ವಾರಕ್ಕೆ ಐದು ಸಂಜೆ, ವರ್ಷಕ್ಕೆ ಹತ್ತು ತಿಂಗಳು ನಡೆಯಬೇಕಾದ ಕೆಲಸ. ಅದಕ್ಕೆ ಬೇಕಾದ ಸಂಜೆಯ ಎರಡು ಗಂಟೆಯನ್ನು ನಾವು ಬಡ ಮಕ್ಕಳಿಗೆ ಕಾಯ್ದಿರಿಸಿಲ್ಲ.

ಇಷ್ಟಿದ್ದೂ ಕಬಡ್ಡಿ, ಕೊಕ್ಕೊ ಆಟಗಳು ಬೆಳೆಸುವ ಪದ್ಧತಿ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ಕೊಡುತ್ತಲೇ ಬಂದಿವೆ. ಇವಕ್ಕೆ ದುಬಾರಿ ಸಲಕರಣೆ ಬೇಡ. ನೆಲ, ಸುಣ್ಣದ ಗೆರೆ, ಒಬ್ಬ ಮೇಷ್ಟ್ರು ಸಾಕು. ರಾಜಾಜಿನಗರಕ್ಕೆ ಅಂಟಿಕೊಂಡಂತಿರುವ ಯಶವಂತಪುರದಲ್ಲಿ ಹೂ ಮಾರುವ ಮನೆಯಿಂದ ಬಂದ ಉಷಾರಾಣಿ, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಕಬಡ್ಡಿ ತಂಡದಲ್ಲಿದ್ದರು. ಆ ಹೊತ್ತಿಗಾಗಲೇ ಅವರು ಬೆಂಗಳೂರಿನಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ ಗೆದ್ದ ಮಹಿಳಾ ತಂಡದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ರೈತ ಕುಟುಂಬದವರು, ತಮ್ಮೂರಿನ ಶಾಲೆಯ ಅಂಗಳದಲ್ಲಿ ಆಟ ಕಲಿತವರು. ಪುರುಷರ ತಂಡದಲ್ಲಿದ್ದ ಎಂ.ಕೆ. ಗೌತಮ್ ಮತ್ತು ಚೈತ್ರಾ, ರಾಜ್ಯ ಸರ್ಕಾರ ಘೋಷಿಸಿದ ತಲಾ 5 ಲಕ್ಷ ರೂಪಾಯಿಯನ್ನು ನಿರಾಕರಿಸಿದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿಯ ಜತೆಗೆ ನೌಕರಿಯನ್ನೂ ಘೋಷಿಸಿತ್ತು. ಅವರ ನಿರಾಕರಣೆ ನ್ಯಾಯವಾದದ್ದು. ಆಗ ನಡೆದ ಚರ್ಚೆಯೆಲ್ಲ ಗೆದ್ದವರಿಗೆ ಎಷ್ಟು ಕೊಡಬೇಕು ಎಂಬುದರ ಸುತ್ತ ಸುತ್ತಿತು. ಗೆಲ್ಲುವವರನ್ನು ಬೆಳೆಸುವ ಶಾಲಾ ಅಂಗಳಕ್ಕೆ ಏನು ಕೊಡಬೇಕು ಎಂಬ ಪ್ರಶ್ನೆಗೂ ಅಷ್ಟೇ ತೂಕ ಸಿಗಬೇಕಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ಹಣದ್ದು. ಇರುವುದೇ ಅಲ್ಪ, ಅದನ್ನು ಪ್ರತಿಭೆ ಇರುವವರ ಮೇಲೆ ಹಾಕುವುದು ಜಾಣತನವಲ್ಲವೇ ಎಂಬ ವಾದ. ಪ್ರತಿಭೆಯನ್ನು ಹನ್ನೊಂದನೇ ವಯಸ್ಸಿನಲ್ಲಿ ಖಚಿತವಾಗಿ ಗುರುತಿಸಬಹುದಾಗಿದ್ದರೆ ಈ ಮಾತನ್ನು ಒಪ್ಪಬಹುದಿತ್ತು. 1980ರ ದಶಕದಲ್ಲಿ ರೋಜರ್ ಬಾರ್ನ್ಸ್‌ಲಿ ಎಂಬ ಮನೋವಿಜ್ಞಾನಿ ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಪರಿಶೀಲಿಸಿದಾಗ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಎದ್ದು ಕಾಣುವಷ್ಟು ಹೆಚ್ಚಿದ್ದರು. ಒಂದೇ ವಯೋಮಿತಿಯ ಮಕ್ಕಳಲ್ಲಿ ಕೆಲವು ತಿಂಗಳು ದೊಡ್ಡವರಾದವರು ಮೈಯಲ್ಲಿ ಬಲಿತಿರುತ್ತಾರೆ, ಸೆಲೆಕ್ಷನ್‌ನಲ್ಲಿ ಅವರೇ ಪ್ರತಿಭಾವಂತರಂತೆ ಕಾಣುತ್ತಾರೆ. ಕೆಲವು ತಿಂಗಳ ಅಂತರವೇ ಇಷ್ಟು ಮಾಡುವುದಾದರೆ ಹಾಲು, ಮೊಟ್ಟೆ, ಬೇಳೆ ಸಾಲದೆ ಬೆಳೆದ ಮಗುವಿನ ಪಾಡೇನು? ಒಂದು ದಿನದ ಟ್ರಯಲ್ಸ್ ಆ ಮಗುವಿನಲ್ಲಿ ಅಳೆಯುವುದು ಹಸಿವನ್ನೇ ಹೊರತು ಸಾಮರ್ಥ್ಯವನ್ನಲ್ಲ. ಖರ್ಚಿನ ಲೆಕ್ಕವೂ ಇದೆ. ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಒಬ್ಬ ಆಟಗಾರನಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿಯ ನೆರವು ನಿಗದಿಯಾಗಿತ್ತು; ತಿಂಗಳಿಗೆ ಸುಮಾರು 52 ಸಾವಿರ. ಅದು ಆ ಆಟಗಾರನಿಗೆ ಸಲ್ಲಬೇಕಾದದ್ದೇ. ಅಷ್ಟೇ ಮೊತ್ತವನ್ನು ಬಡಾವಣೆಯ ಒಂದು ಮೈದಾನಕ್ಕೂ ಇಟ್ಟರೆ ಹತ್ತಾರು ಮಕ್ಕಳಿಗೆ ಪೂರ್ಣಾವಧಿಯ ಒಬ್ಬ ಕೋಚ್ ಸಿಗುತ್ತಾರೆ.

ಎರಡನೆಯ ಆಕ್ಷೇಪ ಪೋಷಕರದ್ದು, ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಬಡವರ ಮಗುವಿಗೆ ಓದು ಒಂದೇ ದಾರಿ, ಆಟ ಆ ದಾರಿ ತಪ್ಪಿಸುತ್ತದೆ ಎಂಬ ಭಯ ಅವರದು. ಪೊಲೀಸ್, ರೈಲ್ವೆ ಇಲಾಖೆಗಳ ಕ್ರೀಡಾ ಕೋಟಾ ನಿಜವಾದ ಏಣಿಯಾದರೂ ಅದನ್ನು ಹತ್ತುವವರು ಕೆಲವೇ ಮಂದಿ. ಹಾಗಾಗಿ ನೌಕರಿಯ ಆಸೆ ತೋರಿಸಿ ಮಗುವನ್ನು ಮೈದಾನಕ್ಕೆ ಕರೆಯುವುದು ಪ್ರಾಮಾಣಿಕವಲ್ಲ. ಆಟವಾಡಿದರೆ ಶೀಲ ತಾನಾಗಿ ಬೆಳೆಯುತ್ತದೆ ಎಂಬ ಮಾತನ್ನೂ ಜೋಪಾನವಾಗಿ ಬಳಸಬೇಕು. ಮಥಾರೆಯಂಥ ಪ್ರಯೋಗಗಳನ್ನು ಹತ್ತಿರದಿಂದ ಅಧ್ಯಯನ ಮಾಡಿದ ಫ್ರೆಡ್ ಕೋಲ್ಟರ್ ಕೂಡ ಕ್ರೀಡೆಗೆ ಮಾಂತ್ರಿಕ ಶಕ್ತಿ ಆರೋಪಿಸುವುದನ್ನು ಒಪ್ಪುವುದಿಲ್ಲ. ಯಾವ ಆಟ, ಯಾವ ಮಕ್ಕಳಿಗೆ, ಯಾವ ಪರಿಸ್ಥಿತಿಯಲ್ಲಿ ಎಂಬುದನ್ನು ಅವರು ಕೇಳುತ್ತಾರೆ. ನನ್ನ ವಾದಕ್ಕೆ ಇದರಿಂದ ಬಲವೇ ಬರುತ್ತದೆ. ಫಲ ಕೊಡುವುದು ಆಟದ ಸುತ್ತ ಕಟ್ಟಿದ ಆರೈಕೆ. ಮಗು ಶಾಲೆಗೆ ಬಂದಿತೇ ಎಂದು ವಿಚಾರಿಸುವ, ಪರೀಕ್ಷೆಯ ತಿಂಗಳಲ್ಲಿ ಅಭ್ಯಾಸ ಇಳಿಸುವ, ಹುಡುಗಿ ಋತುಮತಿಯಾದ ಮೇಲೆ ಮೈದಾನಕ್ಕೆ ಕಳಿಸಲು ಹಿಂಜರಿಯುವ ಮನೆಯವರ ಬಳಿ ಹೋಗಿ ಮಾತಾಡುವ ಕೋಚ್ ಇದ್ದಲ್ಲಿ ಓದು ಮತ್ತು ಆಟ ಒಂದಕ್ಕೊಂದು ಆಸರೆಯಾಗುತ್ತವೆ. ಹಾಗೆಯೇ ಕೋಚ್‌ಗೆ ಮಗುವಿನ ಮೇಲಿರುವ ಅಧಿಕಾರ ದೊಡ್ಡದು. ಮಹಿಳಾ ಕೋಚ್‌ಗಳು, ಪೋಷಕರಿಗೆ ತೆರೆದ ಮೈದಾನ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ ಅರಿವು ಇಲ್ಲದ ಯಾವ ತರಬೇತಿಯೂ ಒಳ್ಳೆಯ ತರಬೇತಿಯಲ್ಲ.

ಮೂರನೆಯ ಆಕ್ಷೇಪ ಸಿದ್ಧವಾಗಿಯೇ ಇರುತ್ತದೆ: ಸರ್ಕಾರಕ್ಕೆ ಆಗದ್ದನ್ನು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಮತ್ತು ಸ್ವಯಂಸೇವಾ ಸಂಸ್ಥೆಗಳು ಮಾಡುತ್ತಿವೆಯಲ್ಲ ಎಂಬುದು. 2013ರ ಕಂಪನಿ ಕಾಯ್ದೆ ಗ್ರಾಮೀಣ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯನ್ನು ಸಿಎಸ್‌ಆರ್ ಪಟ್ಟಿಗೆ ಸೇರಿಸಿದ್ದು ಸ್ವಾಗತಾರ್ಹ. ಆದರೆ ನಿಯಮದ ಪ್ರಕಾರ ಮುಂದುವರಿಯುವ ಯೋಜನೆಯ ಅವಧಿ, ಶುರುವಾದ ವರ್ಷ ಬಿಟ್ಟು, ಮೂರು ವರ್ಷ ಮೀರುವಂತಿಲ್ಲ. ಒಂಬತ್ತನೇ ವಯಸ್ಸಿಗೆ ಮೈದಾನಕ್ಕೆ ಬಂದ ಮಗು ಹದಿನೆಂಟು ದಾಟಲು ಒಂಬತ್ತು ವರ್ಷ ಬೇಕು. ಅನುದಾನ ಮುಗಿದಾಗ ಅದಕ್ಕಿನ್ನೂ ಹದಿಮೂರು. ದೇಹ ಬದಲಾಗುವ, ಶಾಲೆ ಬಿಡುವ, ದುಡಿಮೆಗೆ ಇಳಿಯುವ ಅಪಾಯ ಎದುರಾಗುವ ವಯಸ್ಸಿನಲ್ಲೇ ಕೋಚ್ ಕಾಣೆಯಾಗುತ್ತಾರೆ. ಸಿದ್ದಿ ಮಕ್ಕಳಿಗೆ 1993ರಲ್ಲಿ ಆದದ್ದು ಇಲ್ಲಿ ಸಣ್ಣ ಪ್ರಮಾಣದಲ್ಲಿ ಮತ್ತೆ ಮತ್ತೆ ಆಗುತ್ತದೆ. ಸಂಸ್ಥೆಗಳ ಶ್ರದ್ಧೆ ದೊಡ್ಡದು. ಆದರೆ ಅವು ನಡೆಸುವ ತರಬೇತಿಗೆ ಸ್ಥಿರವಾದ ಆಧಾರ ಸ್ಥಳೀಯ ಸರ್ಕಾರದಿಂದಲೇ ಬರಬೇಕು.

ಆದ್ದರಿಂದ ಇಂಥ ತರಬೇತಿಯ ಯಶಸ್ಸನ್ನು ಅಳೆಯುವ ಕೋಲನ್ನೇ ಬದಲಿಸಬೇಕು. ಎಷ್ಟು ಪದಕ ಬಂತು ಎಂದು ಕೇಳುವ ಮೊದಲು ನಾಲ್ಕು ಪ್ರಶ್ನೆ ಕೇಳೋಣ. ಮೊದಲ ವರ್ಷ ಸೇರಿದ ಮಕ್ಕಳಲ್ಲಿ ಐದನೇ ವರ್ಷವೂ ಬರುತ್ತಿರುವವರು ಎಷ್ಟು? ಹದಿನಾಲ್ಕು ದಾಟಿದ ಹುಡುಗಿಯರು ಎಷ್ಟು ಮಂದಿ ಆಡುತ್ತಿದ್ದಾರೆ? ಕೋಚ್‌ಗೆ ತಿಂಗಳ ಸಂಬಳ, ಪಿಎಫ್, ಇಎಸ್‌ಐ ಇದೆಯೇ? ಇಲ್ಲಿ ಕಲಿತವರಲ್ಲಿ ಯಾರಾದರೂ ಮರಳಿ ಬಂದು ಕಲಿಸುತ್ತಿದ್ದಾರೆಯೇ? ಈ ನಾಲ್ಕಕ್ಕೂ ಒಳ್ಳೆಯ ಉತ್ತರವಿರುವ ಕಡೆ ಪದಕಗಳೂ ಬರುತ್ತವೆ ಎಂಬುದಕ್ಕೆ ಶಾಹಾಬಾದ್, ಮಥಾರೆ, ಕುರುಬೂರುಗಳೇ ಸಾಕ್ಷಿ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಪಶ್ಚಿಮದ ಹಲವು ಬಡಾವಣೆಗಳಿಗೆ ತಮ್ಮದೇ ಆದ ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಸಿಕ್ಕಿದೆ. ಹೊಸ ಪಾಲಿಕೆ ತನ್ನ ಪ್ರತಿ ಮೈದಾನದಲ್ಲೂ ಸಂಜೆಯ ಎರಡು ಗಂಟೆಯನ್ನು ಮಕ್ಕಳ ಹೆಸರಿಗೆ ಬರೆದುಕೊಟ್ಟು, ಅಲ್ಲಿಗೊಬ್ಬ ಸಂಬಳದ ಕೋಚ್‌ನನ್ನು ನೇಮಿಸಿ, ಆ ಹುದ್ದೆಯನ್ನು ಹತ್ತು ವರ್ಷ ಮುಟ್ಟದೆ ಕಾಯ್ದುಕೊಳ್ಳಲಿ. ಕ್ರೀಡೆ ಬಡ ಮಕ್ಕಳನ್ನು ಮೇಲೆತ್ತುತ್ತದೆ ಎಂದು ಹೇಳುವ ಅರ್ಹತೆ ಈ ನಗರಕ್ಕೆ ಬರುವುದು ಆಗಲೇ.