ಬೆನ್ನುಹುರಿ ಅರಿವಳಿಕೆಯ ಚರಿತ್ರೆಯಲ್ಲಿ ‘ಪ್ರಥಮ’ ಎಂಬ ಮಾತು

ವೈದ್ಯಗ್ರಂಥಗಳ ಆರಂಭದಲ್ಲಿ ಒಂದೆರಡು ಪುಟಗಳ ಚಾರಿತ್ರಿಕ ಪೀಠಿಕೆಯನ್ನು ಸೇರಿಸುವುದು ರೂಢಿ. ಬೆನ್ನುಹುರಿಯ ಸುತ್ತಣ ದ್ರವಕ್ಕೆ ಸ್ಥಳೀಯ ಅರಿವಳಿಕೆಯ ಔಷಧದೊಡನೆ ಅಫೀಮು ವರ್ಗದ ಔಷಧವನ್ನೂ ಬೆರೆಸಿ ಕೊಡುವ ಪದ್ಧತಿಯ ವಿಷಯದಲ್ಲಿ ಈ ಪೀಠಿಕೆಗಳು ಹೇಳುವ ಕಥೆ ಬಹುಮಟ್ಟಿಗೆ ಒಂದೇ: 1901ರಲ್ಲಿ ಅದು ಬಳಕೆಗೆ ಬಂದಿತು, ಅನಂತರ ಮರೆತುಹೋಯಿತು, 1979ರಲ್ಲಿ ಪುನಃ ಕಂಡುಹಿಡಿಯಲ್ಪಟ್ಟಿತು. ಪ್ರಸ್ತುತ ಲೇಖಕನು ವೈದ್ಯನಲ್ಲ. ಔಷಧದ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರ ಅವನಿಗಿಲ್ಲ. ಆದರೆ ಈ ಕಥೆಯ ಕಟ್ಟಡವು ಇತಿಹಾಸಕ್ಕೆ ಸೇರಿದುದು. ಅದು ದೃಢವಾಗಿಲ್ಲವೆಂಬುದೇ ಈ ಲೇಖನದ ವಾದ.

ಮೊದಲು ಸಂಗತಿಗಳನ್ನು ನೋಡೋಣ. 1898ರ ಆಗಸ್ಟ್ 16ರಂದು ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರನು ಬೆನ್ನುಹುರಿಯ ದ್ರವಕ್ಕೆ ಕೊಕೇನನ್ನು ಚುಚ್ಚಿ ಶಸ್ತ್ರಕ್ರಿಯೆ ನಡೆಸಿದನು. ಕೆಲವೇ ದಿನಗಳಲ್ಲಿ ತಾನೂ ತನ್ನ ಸಹಾಯಕ ಹಿಲ್ಡೆಬ್ರಾಂಟನೂ ಪ್ರಯೋಗಕ್ಕೆ ಮೈಯೊಡ್ಡಿ ತಲೆನೋವನ್ನು ಅನುಭವಿಸಿದರು. 1901ರಲ್ಲಿ ರುಮೇನಿಯದ ರಕೊವಿಚಾನು-ಪಿಟೆಷ್ಟಿಯು ಕೊಕೇನಿನೊಡನೆ ಮಾರ್ಫಿನನ್ನು ಬಳಸಿದ ಅನುಭವವನ್ನು ಪ್ಯಾರಿಸ್ಸಿನಲ್ಲಿ ನಿವೇದಿಸಿದನು. ಅದೇ ವರ್ಷ ಜಪಾನಿನ ಒಟೊಜಿರೊ ಕಿಟಗಾವನು ಯೂಕೇನಿನೊಡನೆ ಮಾರ್ಫಿನನ್ನು ಪ್ರಯೋಗಿಸಿದನು. ಇವರ ಸಾಹಸವನ್ನು ಅಲ್ಲಗಳೆಯುವ ಉದ್ದೇಶ ನಮ್ಮದಲ್ಲ. ಸಂಗತಿಗಳು ಸತ್ಯ, ಅವುಗಳಿಂದ ತೆಗೆದ ತೀರ್ಮಾನ ಮಾತ್ರ ಒಪ್ಪತಕ್ಕದ್ದಲ್ಲ.

ಏಕೆಂದರೆ, ಮರೆಯಬೇಕಾದರೆ ಮೊದಲು ತಿಳಿದಿರಬೇಕು. ನರವ್ಯೂಹದಲ್ಲಿ ಅಫೀಮಿನ ಅಂಶಗಳನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆಯೆಂಬುದು ಪ್ರಯೋಗದಿಂದ ಸಿದ್ಧವಾದದ್ದು 1973ರಲ್ಲಿ. ಬೆನ್ನುಹುರಿಗೆ ನೇರವಾಗಿ ಕೊಟ್ಟ ಮಾರ್ಫಿನ್ ಅಲ್ಲಿಯೇ ನೋವನ್ನು ತಡೆಯುತ್ತದೆಂದು ಯಾಕ್ಷ್ ಮತ್ತು ರೂಡಿ ಇಲಿಗಳಲ್ಲಿ ತೋರಿಸಿದ್ದು 1976ರಲ್ಲಿ. 1979ರಲ್ಲಿ ವಾಂಗ್ ಮತ್ತು ಸಂಗಡಿಗರು ಎಂಟು ಮಂದಿ ಕ್ಯಾನ್ಸರ್ ರೋಗಿಗಳಿಗೆ 0.5ರಿಂದ 1 ಮಿಲಿಗ್ರಾಂ ಕೊಟ್ಟು ಫಲವನ್ನು ಪ್ರಕಟಿಸಿದರು. ಸ್ಥಳೀಯ ಔಷಧವು ನರದ ಸಂವಹನವನ್ನೇ ತಡೆದು ಚಲನೆಯನ್ನೂ ಕಸಿಯುತ್ತದೆ. ಮಾರ್ಫಿನ್ ಚಲನೆಯನ್ನು ಬಿಟ್ಟು ನೋವನ್ನು ಮಾತ್ರ ಅಡಗಿಸುತ್ತದೆ. ಆದುದರಿಂದಲೇ ಎರಡನ್ನೂ ಕೂಡಿಸಿದರೆ ಮೊದಲಿನದರ ಪ್ರಮಾಣವನ್ನು ತಗ್ಗಿಸಬಹುದು. ಈ ಗ್ರಾಹಕಗಳ ಜ್ಞಾನ 1901ರಲ್ಲಿ ಯಾರಿಗೂ ಇರಲಿಲ್ಲ. ಕೈಯ ಕೆಲಸ ಒಂದೇ ಆದರೂ ಅದರ ಹಿಂದಣ ಅರ್ಥ ಬೇರೆ. ಎರಡನ್ನು ಒಂದೇ ಘಟನೆಯೆಂದು ಎಣಿಸುವುದು ಸಮಂಜಸವಲ್ಲ.

ಇದಕ್ಕಿಂತ ದೊಡ್ಡ ದೋಷವೊಂದಿದೆ: ಕಥೆಯು 1979ಕ್ಕೆ ಮುಗಿದುಹೋಗುತ್ತದೆ. ನಿಜವಾಗಿ ಚರಿತ್ರೆ ಗಂಭೀರವಾಗುವುದು ಅಲ್ಲಿಂದಾಚೆಗೆ. ಮಾರ್ಫಿನ್ ಕೊಬ್ಬಿಗಿಂತ ನೀರಿನಲ್ಲಿ ಹೆಚ್ಚು ಬೆರೆಯುವ ವಸ್ತು. ದ್ರವದಲ್ಲಿಯೇ ಉಳಿದು ಮೆಲ್ಲಗೆ ಮಿದುಳಿನತ್ತ ಏರುತ್ತದೆ. ಚುಚ್ಚಿ ಹಲವು ಗಂಟೆಗಳು ಕಳೆದ ಮೇಲೆ ರೋಗಿಯ ಉಸಿರು ಕುಗ್ಗುವ ಅಪಾಯ ಬೆಳಕಿಗೆ ಬಂದದ್ದು ಹೀಗೆ. ತುರಿಕೆ, ವಾಂತಿ, ಮೂತ್ರಕಟ್ಟು ಇವೂ ಕಾಣಿಸಿಕೊಂಡವು. ಪ್ರಮಾಣ ಇಳಿಯುತ್ತ ಬಂದು, ಇಂದು ಸಿಸೇರಿಯನ್ ಶಸ್ತ್ರಕ್ರಿಯೆಯಲ್ಲಿ ಸಾಮಾನ್ಯವಾಗಿ 0.1ರಿಂದ 0.15 ಮಿಲಿಗ್ರಾಂ ಮಾತ್ರ. ಕೊಬ್ಬಿನಲ್ಲಿ ಬೇಗ ಸೇರುವ ಫೆಂಟನಿಲನ್ನು 10ರಿಂದ 25 ಮೈಕ್ರೋಗ್ರಾಂನಷ್ಟು ಕೊಡುತ್ತಾರೆ. ಅದು ಶೀಘ್ರವಾಗಿ ಫಲ ಕೊಟ್ಟು ಕೆಲವು ಗಂಟೆಗಳಲ್ಲಿ ಶಮಿಸುತ್ತದೆ. ಮಾರ್ಫಿನಿನ ಉಪಶಮನವು ಹೆಚ್ಚುಕಡಿಮೆ ಒಂದು ದಿನ ನಿಲ್ಲಬಹುದು; ಆದಕಾರಣ ಉಸಿರನ್ನು ಕಾಯುವ ಹೊಣೆಯೂ ಅಷ್ಟೇ ದೀರ್ಘ. ಒಂದು ಮಿಲಿಗ್ರಾಂನಿಂದ ಅದರ ಹತ್ತನೆಯ ಒಂದು ಪಾಲಿಗೆ ಇಳಿದ ಈ ದಾರಿಯೇ ನಿಜವಾದ ಇತಿಹಾಸ. ಆ ಪಾಠ ದೊರೆತದ್ದು ಹೆಸರಿಲ್ಲದ ರೋಗಿಗಳ ದೇಹದಿಂದ.

ಪೀಠಿಕೆಯು ಸಂಕ್ಷಿಪ್ತವಾಗಿರಬೇಕಲ್ಲವೆ ಎಂದು ಆಕ್ಷೇಪಿಸಬಹುದು. ಇರಲಿ. ಎರಡೇ ವಾಕ್ಯಗಳಿಗೆ ಎಡೆಯಿದ್ದರೆ ಒಂದರಲ್ಲಿ ಮೊದಲಿಗರ ಹೆಸರಿರಲಿ, ಇನ್ನೊಂದರಲ್ಲಿ ಪ್ರಮಾಣವು ಏಕೆ ಇಳಿಯಿತೆಂಬ ಕಾರಣವಿರಲಿ. ಮೊದಲನೆಯದನ್ನು ಮಾತ್ರ ಓದಿದ ವಿದ್ಯಾರ್ಥಿಗೆ ಇತಿಹಾಸವು ಅಲಂಕಾರವಾಗಿ ಉಳಿಯುತ್ತದೆ. ಎರಡನೆಯದನ್ನೂ ಓದಿದವನು ರಾತ್ರಿಯ ಹೊತ್ತು ರೋಗಿಯ ಉಸಿರನ್ನು ಎಣಿಸಲು ಮತ್ತೊಮ್ಮೆ ಎದ್ದು ಹೋದಾನು.