ಕಾರ್ಡ್ ಬಿಲ್ಲಿನ ಕೊನೇ ದಿನ ಯಾವುದು?

ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ ಎರಡು ಮೊತ್ತ ಕಾಣುತ್ತವೆ: ಒಟ್ಟು ಬಾಕಿ, ಕನಿಷ್ಠ ಬಾಕಿ. ಎರಡಕ್ಕೂ ಡ್ಯೂ ಡೇಟ್ ಒಂದೇ. ಯಾವುದನ್ನು ಕಟ್ಟಿದರೂ ಆ ತಿಂಗಳ ಲೆಕ್ಕ ಚುಕ್ತಾ ಎಂದು ಗ್ರಾಹಕರು ನಂಬಿದರೆ ತಪ್ಪು ಅವರದಲ್ಲ, ಬಿಲ್ ಬರೆದವರದು.

20,000 ರೂಪಾಯಿ ಬಾಕಿ ಇದೆ, ಕನಿಷ್ಠ ಬಾಕಿ ಶೇ 5 ಎಂದಿಟ್ಟುಕೊಳ್ಳಿ. 1,000 ಕಟ್ಟಿದರೆ ವಿಳಂಬ ಶುಲ್ಕ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಆ ಬಡ್ಡಿ ಶುರುವಾಗುವುದೂ ಡ್ಯೂ ಡೇಟಿನಿಂದಲ್ಲ, ಸಾಮಾನು ಕೊಂಡ ದಿನದಿಂದ. ತಿಂಗಳಿಗೆ ಶೇ 3.5ರ ದರದಲ್ಲಿ ಉಳಿದ 19,000ಕ್ಕೆ ಒಂದು ತಿಂಗಳ ಬಡ್ಡಿಯೇ 665 ರೂಪಾಯಿ. ಅದಕ್ಕೆ ಶೇ 18ರ ಜಿಎಸ್‌ಟಿ ಸುಮಾರು 120. ಕಟ್ಟಿದ ಸಾವಿರದಲ್ಲಿ ಸಾಲ ಕರಗಿಸಿದ್ದು ಇನ್ನೂರು ಚಿಲ್ಲರೆ ಮಾತ್ರ. ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ.

ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನ ಗ್ರಾಹಕರಿಗೆ ನಿಜಕ್ಕೂ ನೆರವಾಗಿದೆ. ಬಿಲ್ ತಡವಾಗಬಾರದು, ಹಣ ಕಟ್ಟಲು ಕನಿಷ್ಠ ಹದಿನೈದು ದಿನ ಸಿಗಬೇಕು ಎಂದು ಅದು ಹೇಳುತ್ತದೆ. ಡ್ಯೂ ಡೇಟ್ ಕಳೆದು ಮೂರು ದಿನ ಮೀರಿದ ಮೇಲಷ್ಟೇ ವಿಳಂಬ ಶುಲ್ಕ ಹಾಕಬಹುದು, ಸಾಲ ಮಾಹಿತಿ ಸಂಸ್ಥೆಗಳಿಗೆ ವರದಿ ಮಾಡಬಹುದು. ನನ್ನ ತಕರಾರು ಇರುವುದು ಈ ಮೂರು ದಿನಗಳ ಬಗ್ಗೆಯೇ. ವಿನಾಯಿತಿ ಶುಲ್ಕಕ್ಕುಂಟು, ವರದಿಗುಂಟು, ಬಡ್ಡಿಗಿಲ್ಲ. ಮೂರು ದಿನ ಗಡುವಿದೆ ಎಂದು ಕೇಳಿ ಎರಡನೇ ದಿನ ಪೂರ್ತಿ ಹಣ ಕಟ್ಟಿದವರು ಮುಂದಿನ ಬಿಲ್ಲಿನಲ್ಲಿ ಬಡ್ಡಿ ಕಂಡು ದಂಗಾಗುತ್ತಾರೆ. ಅರ್ಧ ರಕ್ಷಣೆ ಕೊಟ್ಟು, ಅದು ಎಲ್ಲಿ ನಿಲ್ಲುತ್ತದೆ ಎಂದು ಬಿಲ್ಲಿನ ಮೊದಲ ಪುಟದಲ್ಲೇ ಹೇಳದಿರುವುದು ನ್ಯಾಯವಲ್ಲ.

ತಾರೀಖೂ ಸ್ಥಿರವಲ್ಲ. ಬಿಲ್ ದಿನದಿಂದ ಇಷ್ಟು ದಿನ ಎಂದು ಎಣಿಸುವ ಕಾರ್ಡುಗಳಲ್ಲಿ ತಿಂಗಳಿಗೆ 30 ದಿನವೋ 31 ದಿನವೋ ಎನ್ನುವುದರ ಮೇಲೆ ಡ್ಯೂ ಡೇಟ್ ಹಿಂದೆ ಮುಂದೆ ಆಗುತ್ತದೆ. ಅಮೆರಿಕದ 2009ರ ಕಾನೂನು ಪ್ರತಿ ತಿಂಗಳೂ ಅದೇ ತಾರೀಖು ಇರಬೇಕೆಂದು ಕಟ್ಟುಮಾಡಿದೆ. ನಮಗೂ ಅದು ಬೇಕು. ಜೊತೆಗೆ, 'ಈ ದಿನದೊಳಗೆ ಪೂರ್ತಿ ಕಟ್ಟದಿದ್ದರೆ ಖರೀದಿಯ ದಿನದಿಂದ ಬಡ್ಡಿ' ಎಂಬ ಒಂದು ಸಾಲು ಡ್ಯೂ ಡೇಟಿನ ಕೆಳಗೇ, ಅಷ್ಟೇ ದಪ್ಪಕ್ಷರದಲ್ಲಿ, ಕರ್ನಾಟಕದ ಗ್ರಾಹಕರಿಗೆ ಕನ್ನಡದಲ್ಲೂ ಇರಬೇಕು.

ಬಿಲ್ಲಿನಲ್ಲಿ ಅರ್ಥವಾಗದ ಬಡ್ಡಿ ಕಂಡರೆ ಬ್ಯಾಂಕಿಗೆ ಬರೆದು ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.